ನಿಯಂತ್ರಿತ ಬಿಡುಗಡೆಯ ಪೀಡೆನಾಶಕಗಳು: ಅರ್ಜಿ ಸಲ್ಲಿಸುವ ಮುನ್ನ ರೈತ ಬಾಂಧವರು ತಿಳಿದಿರಬೇಕಾದ ವಿಷಯಗಳು

ಸಸ್ಯ ಸಂರಕ್ಷಣಾ ಔಷಧಿಗಳನ್ನು ಕೋರಿ ಸಲ್ಲಿಕೆಯಾಗುವ ಅರ್ಜಿಗಳಲ್ಲಿ ಸಾಮಾನ್ಯವಾಗಿ ಔಷಧಿಯ ಹೆಸರು ಇರುತ್ತದೆ. ಆ ಹೆಸರಿನ ಮುಂದೆ ಇರಬೇಕಾದ ಅಂಕಿ ಮತ್ತು ಎರಡು ಇಂಗ್ಲಿಷ್ ಅಕ್ಷರಗಳು ಇರುವುದಿಲ್ಲ. ಅರ್ಜಿದಾರರು ಇದನ್ನು ಅಷ್ಟು ಮುಖ್ಯವೆಂದು ಭಾವಿಸದಿರುವುದು ಸಹಜ. ಆದರೆ ಔಷಧಿಯು ಹೊಲದಲ್ಲಿ ಎಷ್ಟು ದಿನ ಉಳಿಯುತ್ತದೆ, ಸಿಂಪಡಿಸುವವರ ಮೈಗೆ ಎಷ್ಟು ತಾಗುತ್ತದೆ, ಮಳೆಯ ನೀರಿನೊಂದಿಗೆ ಎಷ್ಟು ಹರಿದು ಹೋಗುತ್ತದೆ, ಅಷ್ಟೇ ಏಕೆ, ಅದರ ಮಾರಾಟಕ್ಕೆ ಕಾನೂನಿನ ಅನುಮತಿ ಇದೆಯೇ ಇಲ್ಲವೇ ಎಂಬುದೂ ಆ ಎರಡು ಅಕ್ಷರಗಳಿಂದಲೇ ತಿಳಿಯುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ರೈತರ ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಒಂದೇ ವಿಷ, ಬೇರೆ ಬೇರೆ ರೂಪ

ಕಾರ್ಬೋಫ್ಯುರಾನ್ ಎಂಬ ಕೀಟನಾಶಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನೀರಿನಲ್ಲಿ ಕರಗುವ ಪುಡಿಯ ರೂಪದಲ್ಲಿದ್ದ ಶೇ. 50ರ ಕಾರ್ಬೋಫ್ಯುರಾನ್ ಅನ್ನು ಕೇಂದ್ರ ಸರ್ಕಾರವು 2001ರಲ್ಲಿಯೇ ನಿಷೇಧಿಸಿತು. ಮುಂದೆ 2023ರ ಕೀಟನಾಶಕಗಳ ನಿಷೇಧ ಆದೇಶದಲ್ಲಿ, ಹೊರಪದರವಿರುವ ಶೇ. 3ರ ಹರಳಿನ ರೂಪವೊಂದನ್ನು ಹೊರತುಪಡಿಸಿ ಕಾರ್ಬೋಫ್ಯುರಾನ್‌ನ ಉಳಿದ ಎಲ್ಲ ರೂಪಗಳನ್ನು ಕೈಬಿಡಲಾಯಿತು. ಈ ಹರಳಿನ ಚೀಲದ ಮೇಲೆ ‘3 ಸಿಜಿ’ ಎಂದು ಬರೆದಿರುತ್ತದೆ. ಮೂಲ ವಸ್ತು ಎರಡರಲ್ಲಿಯೂ ಒಂದೇ. ಪುಡಿಯು ಗಾಳಿಗೆ ಹಾರಿ ಮೂಗಿಗೆ ಹೋಗುತ್ತದೆ, ಕೈಗೆ ಅಂಟುತ್ತದೆ, ನೀರಿಗೆ ಬಿದ್ದೊಡನೆ ಕರಗುತ್ತದೆ. ಹರಳಿನಲ್ಲಿ ಒಂದು ಕಿಲೋಗೆ 30 ಗ್ರಾಂ ಮಾತ್ರ ವಿಷವಿದ್ದು, ಅದು ಪದರದ ಒಳಗಿನಿಂದ ನಿಧಾನವಾಗಿ ಹೊರಬರುತ್ತದೆ. ಕಾನೂನು ಇಲ್ಲಿ ವಿಷವನ್ನು ಮಾತ್ರವಲ್ಲದೆ ವಿಷವು ಹೊರಬರುವ ಬಗೆಯನ್ನೂ ಗಣನೆಗೆ ತೆಗೆದುಕೊಂಡಿದೆ ಎಂಬುದನ್ನು ಗಮನಿಸಬೇಕು.

ಹರಳಿನ ರೂಪದಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ತಿಳಿಯಬಾರದು. ಅಡಿಕೆಯ ಬೇರುಹುಳುವಿಗೆ ಮತ್ತು ಬಾಳೆಗೆ ನಮ್ಮ ಭಾಗದಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಫೋರೇಟ್ 10 ಜಿ ಕೂಡ ಹರಳೇ ಆಗಿತ್ತು. ಅದರ ಬಳಕೆಯನ್ನು 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಸಂಪೂರ್ಣವಾಗಿ ನಿಷೇಧಿಸಲಾಗಿದೆ. ನೆರೆಯ ಕಾಸರಗೋಡಿನ ಕನ್ನಡ ರೈತರಿಗೆ ಇವೆರಡೂ ಇನ್ನೂ ಮೊದಲೇ ದೊರೆಯದಾದವು. ಎಂಡೋಸಲ್ಫಾನ್ ದುರಂತದ ಹಿನ್ನೆಲೆಯಲ್ಲಿ ಕೇರಳ ಸರ್ಕಾರವು 2011ರಲ್ಲಿ ಕಾರ್ಬೋಫ್ಯುರಾನ್ ಮತ್ತು ಫೋರೇಟ್ ಎರಡನ್ನೂ ತನ್ನ ರಾಜ್ಯದಲ್ಲಿ ನಿಷೇಧಿಸಿತು. ಹಳೆಯ ದಾಸ್ತಾನಿನ ಫೋರೇಟ್ ಚೀಲಗಳು ಮನೆಯ ಅಟ್ಟದಲ್ಲಿಯೋ ತೋಟದ ಮನೆಯಲ್ಲಿಯೋ ಉಳಿದಿದ್ದಲ್ಲಿ ಬಳಸಕೂಡದು. ಹಳ್ಳಕ್ಕೆ ಎಸೆಯುವುದಂತೂ ಸಲ್ಲದು. ಅಂತಹವುಗಳನ್ನು ಹೋಬಳಿಯ ಕೃಷಿ ಅಧಿಕಾರಿಗಳ ಗಮನಕ್ಕೆ ತರತಕ್ಕದ್ದು.

ನಿಯಂತ್ರಿತ ಬಿಡುಗಡೆ ಎಂದರೇನು

ಸಾಮಾನ್ಯ ದ್ರವರೂಪದ ಕೀಟನಾಶಕವನ್ನು ಸಿಂಪಡಿಸಿದ ದಿನ ಎಲೆಯ ಮೇಲೆ ವಿಷವು ಅತ್ಯಧಿಕವಾಗಿರುತ್ತದೆ. ನಂತರ ಬಿಸಿಲು, ಮಳೆ, ಗಾಳಿ ಮತ್ತು ಸೂಕ್ಷ್ಮಾಣುಗಳಿಂದ ಅದು ದಿನೇ ದಿನೇ ಕಡಿಮೆಯಾಗುತ್ತದೆ. ಕೊನೆಯ ದಿನದವರೆಗೂ ಹುಳು ಸಾಯುವಷ್ಟು ಉಳಿಯಬೇಕಾದರೆ ಮೊದಲ ದಿನ ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚು ಹಾಕಬೇಕಾಗುತ್ತದೆ.

ಈ ಲೇಖನವನ್ನು ಸಿದ್ಧಪಡಿಸಿದವರು ಕೃಷಿ ಪದವೀಧರರಲ್ಲ, ವಾಣಿಜ್ಯ ಪದವೀಧರರು. ಆದ್ದರಿಂದ ವಿಷಯವನ್ನು ಲೆಕ್ಕದ ಮೂಲಕ ಹೇಳುವುದೇ ಸುಲಭ. ಒಂದು ಔಷಧಿಯು ಪ್ರತಿ 3 ದಿನಕ್ಕೆ ಅರ್ಧದಷ್ಟು ನಾಶವಾಗುತ್ತದೆ ಎಂದು ಭಾವಿಸೋಣ. ಹುಳುವಿನ ಹತೋಟಿಗೆ ಎಲೆಯ ಮೇಲೆ ಸದಾ 10 ಪಾಲು ಇರಬೇಕು ಎಂದುಕೊಳ್ಳೋಣ. ಹನ್ನೆರಡನೆಯ ದಿನ 10 ಪಾಲು ಉಳಿಯಬೇಕಾದರೆ ಒಂಬತ್ತನೆಯ ದಿನ 20, ಆರನೆಯ ದಿನ 40, ಮೂರನೆಯ ದಿನ 80, ಸಿಂಪಡಿಸಿದ ದಿನ 160 ಪಾಲು ಇರಬೇಕಾಗುತ್ತದೆ. ಇದಕ್ಕೆ ಬದಲಾಗಿ, ಮೊದಲು 10 ಪಾಲು ಇಟ್ಟು, ದಿನವೂ ನಾಶವಾಗುವ ಎರಡು ಚಿಲ್ಲರೆ ಪಾಲನ್ನು ಮಾತ್ರ ತುಂಬಿಕೊಡುವ ವ್ಯವಸ್ಥೆ ಇದ್ದಲ್ಲಿ, ಅದೇ ಹನ್ನೆರಡು ದಿನಗಳಿಗೆ ಸುಮಾರು 40 ಪಾಲು ಸಾಕಾಗುತ್ತದೆ. ಉಳಿದ 120 ಪಾಲು ಮಣ್ಣಿಗೂ ಹಳ್ಳಕ್ಕೂ ಸಿಂಪಡಿಸುವವರ ಚರ್ಮಕ್ಕೂ ಹೋಗುವುದು ತಪ್ಪುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಗದ್ದೆಯಲ್ಲಿ ಮಳೆಯು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದರೂ ನಿಯಂತ್ರಿತ ಬಿಡುಗಡೆಯ ತತ್ವ ಇಷ್ಟೇ ಆಗಿದೆ. ವರ್ಷದ ವೇತನವನ್ನು ಒಂದೇ ದಿನ ಕೈಗೆ ಕೊಡುವುದಕ್ಕೂ ತಿಂಗಳು ತಿಂಗಳು ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೈತರಿಗೆ ಈಗಾಗಲೇ ಪರಿಚಿತವಾಗಿರುವ ಬೇವು ಲೇಪಿತ ಯೂರಿಯಾದ ಉದ್ದೇಶವೂ ಇದೇ ಬಗೆಯದು. 2015ರಿಂದ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಗಿದ್ದು, ಸಾರಜನಕವು ಬೆಳೆಗೆ ನಿಧಾನವಾಗಿ ದೊರೆಯಲೆಂದು ಹಾಗೆ ಮಾಡಲಾಗಿದೆ.

ಮಲೆನಾಡಿಗೆ ಹೊಸದಲ್ಲ: ಬೋರ್ಡೋ ದ್ರಾವಣ

ನಿಧಾನ ಬಿಡುಗಡೆ ಎಂಬ ಮಾತು ಹೊಸದಾಗಿ ಕೇಳಿಸಿದರೂ ಅಡಿಕೆ ಬೆಳೆಗಾರರು ಶತಮಾನದಿಂದ ಇದನ್ನೇ ಮಾಡುತ್ತಿದ್ದಾರೆ. ಮಳೆಗಾಲದಲ್ಲಿ ಗೊನೆಗಳಿಗೆ ತಗಲುವ ಕೊಳೆರೋಗದಿಂದ ಮಲೆನಾಡಿನ ತೋಟಗಳು ಹಿಂದೆ ಬಹಳ ನಷ್ಟ ಅನುಭವಿಸುತ್ತಿದ್ದವು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ಅಂದಿನ ಉಪಾಯ. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಡಾ. ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ಅದರ ಕುರಿತು ಇಲಾಖಾ ಪುಸ್ತಿಕೆಯನ್ನು ಹೊರತಂದು, ಮಳೆಗೆ ಮುಂಚೆಯೇ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು.

ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಹಾಗೆಯೇ ಸಿಂಪಡಿಸಿದರೆ ಎರಡು ಅನಾಹುತಗಳಾಗುತ್ತವೆ. ತಾಮ್ರವೆಲ್ಲ ಒಮ್ಮೆಲೇ ಲಭ್ಯವಾಗಿ ಗೊನೆ ಸುಟ್ಟುಹೋಗುತ್ತದೆ. ಮೊದಲ ಮಳೆಗೇ ಉಳಿದದ್ದು ತೊಳೆದುಹೋಗುತ್ತದೆ. ಸುಣ್ಣದ ಜೊತೆ ಸೇರಿದಾಗ ತಾಮ್ರವು ನೀರಿನಲ್ಲಿ ಕರಗದ ನೀಲಿ ಕಣವಾಗಿ ಕಾಯಿಗೆ ಅಂಟಿಕೊಳ್ಳುತ್ತದೆ. ಮಳೆಯ ನೀರಿನಲ್ಲಿರುವ ಅಲ್ಪ ಆಮ್ಲ, ಹಾಗೂ ಮೊಳೆಯಲು ಬರುವ ಶಿಲೀಂಧ್ರವೇ ಹೊರಸೂಸುವ ರಸ, ಆ ಕಣದಿಂದ ಸ್ವಲ್ಪ ಸ್ವಲ್ಪವೇ ತಾಮ್ರವನ್ನು ಬಿಡಿಸುತ್ತವೆ. ರೋಗಾಣು ಬಂದಾಗ ಅಗತ್ಯವಿರುವಷ್ಟು ವಿಷ ಬಿಡುಗಡೆಯಾಗುತ್ತದೆ. ಒಂದು ಸಿಂಪರಣೆಯು ಸುಮಾರು 40-45 ದಿನ ತೋಟವನ್ನು ಕಾಯುವುದಕ್ಕೆ ಇದೇ ಕಾರಣ. ರಾಳ ಮತ್ತು ವಾಷಿಂಗ್ ಸೋಡಾದಿಂದ ತಯಾರಿಸಿದ ಅಂಟನ್ನು ಸೇರಿಸುವ ವಾಡಿಕೆಯು ಮಲೆನಾಡಿನ ಜಡಿಮಳೆಯಲ್ಲಿ ಈ ಕಣಗಳು ಉದುರದಿರಲೆಂದು ಬಂದದ್ದು.

ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ಹೊಳಪಿರುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಬಣ್ಣ ಹತ್ತಿದರೆ ಕರಗಿದ ತಾಮ್ರವು ಇನ್ನೂ ಉಳಿದಿದೆ ಎಂದರ್ಥ. ಆಗ ಸುಣ್ಣ ಸೇರಿಸಬೇಕು. ಈ ಚಾಕುವಿನ ಪರೀಕ್ಷೆಯನ್ನು ಅನುಭವಸ್ಥರು ಸಹ ಅವಸರದಲ್ಲಿ ಬಿಟ್ಟುಬಿಡುವುದುಂಟು. ಬಿಡುಗಡೆಯು ನಿಯಂತ್ರಣದಲ್ಲಿದೆಯೇ ಎಂದು ನೋಡುವ, ಖರ್ಚಿಲ್ಲದ ಪರೀಕ್ಷೆ ಇದು. ದ್ರಾವಣವನ್ನು ತಯಾರಿಸಿದ ದಿನವೇ ಬಳಸಬೇಕು, ತಡವಾದಂತೆ ಕಣಗಳು ದೊಡ್ಡದಾಗಿ ಅಂಟುವ ಗುಣ ಕುಗ್ಗುತ್ತದೆ.

ಗದ್ದೆಗೆ ಹಾಕುವ ಹರಳು

ಭದ್ರಾ ಅಚ್ಚುಕಟ್ಟಿನ ಹೊಳೆಹೊನ್ನೂರು, ಆನವೇರಿ ಮೊದಲಾದ ಕಡೆಗಳ ಭತ್ತದ ಗದ್ದೆಗಳಲ್ಲಿ ಹರಳಿನ ಔಷಧಿ ಬಹಳ ಹಿಂದಿನಿಂದ ಪರಿಚಿತ. ಹರಳಿನ ದೊಡ್ಡ ಅನುಕೂಲವೆಂದರೆ ಅದು ಗಾಳಿಗೆ ತೇಲುವುದಿಲ್ಲ. ಅನಾನುಕೂಲವೂ ಉಂಟು. ಕಾರ್ಬೋಫ್ಯುರಾನ್ ನೀರಿನಲ್ಲಿ ಕರಗುವ ವಸ್ತು. ಹರಳಿನ ಪದರವು ಅದು ಕರಗುವುದನ್ನು ತಡಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ಕಡೆ ಹರಳು ಎರಚಿದ ಮರುದಿನವೇ ಬದು ಕಡಿದು ನೀರು ಬಿಟ್ಟರೆ, ಔಷಧಿಯು ಕೆಳಗಿನವರ ಗದ್ದೆಗೂ ಅಲ್ಲಿಂದ ಹಳ್ಳಕ್ಕೂ ಹೋಗುತ್ತದೆ. ಶಿವಮೊಗ್ಗ ನಗರಕ್ಕೆ ಕುಡಿಯುವ ನೀರು ತುಂಗೆಯಿಂದ, ಭದ್ರಾವತಿಗೆ ಭದ್ರೆಯಿಂದ ಬರುತ್ತದೆ. ಎರಡೂ ಕೂಡಲಿಯಲ್ಲಿ ಸೇರಿ ಮುಂದಿನ ಊರುಗಳಿಗೆ ಹೋಗುತ್ತವೆ. ಆದ್ದರಿಂದ ಈ ವಿಷಯವು ಗದ್ದೆಯಿಲ್ಲದ ನಗರವಾಸಿಗಳಿಗೂ ಸಂಬಂಧಿಸಿದ್ದು. ಹರಳು ಹಾಕುವಾಗ ಗದ್ದೆಯಲ್ಲಿ ತೆಳುವಾಗಿ ನೀರು ನಿಲ್ಲಿಸಿ, ಚೀಟಿಯಲ್ಲಿ ಹೇಳಿದಷ್ಟು ದಿನ ನೀರು ಹೊರಬಿಡದೆ ಇರಬೇಕು.

ಹರಳನ್ನು ನೀರಿನಲ್ಲಿ ಕಲಸಿ ಆ ನೀರನ್ನು ಸಿಂಪಡಿಸುವ ಕ್ರಮವು ಅತ್ಯಂತ ಅಪಾಯಕಾರಿ. ಪದರದ ಪ್ರಯೋಜನವೆಲ್ಲ ಹೋಗಿ, ತೀವ್ರ ವಿಷವೊಂದನ್ನು ಮುಖದ ಮುಂದೆ ಮಂಜಿನಂತೆ ಹರಡಿದಂತಾಗುತ್ತದೆ. ಬರಿಗೈಯಿಂದ ಎರಚುವುದೂ ಬೇಡ. ಎರಚಿದ ನಂತರ ಮೇಲ್ಗಡೆ ಉಳಿದ ಹರಳನ್ನು ಹಕ್ಕಿಗಳು ಕಾಳೆಂದೋ ಕಲ್ಲೆಂದೋ ನುಂಗಿ ಸಾಯುತ್ತವೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 1990ರ ದಶಕದಲ್ಲಿ ಕಾರ್ಬೋಫ್ಯುರಾನ್ ಹರಳಿನ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಲಾಯಿತು. ಮನೆಯ ಕೋಳಿಗಳನ್ನು ಸಹ ಅತ್ತ ಬಿಡಬಾರದು.

ಸೂಕ್ಷ್ಮ ಕೋಶದ ಔಷಧಿಗಳು

ಡಬ್ಬಿಯ ಮೇಲೆ ‘ಇಸಿ’ ಎಂದಿದ್ದರೆ ಅದು ಎಣ್ಣೆಯಂತಹ ದ್ರಾವಕದಲ್ಲಿ ಕರಗಿಸಿದ ಔಷಧಿ. ನೀರಿಗೆ ಹಾಕಿದಾಗ ಹಾಲಿನಂತಾಗುತ್ತದೆ. ‘ಸಿಎಸ್’ ಎಂದಿದ್ದರೆ ಅದು ನೀರಿನಲ್ಲಿ ತೇಲುತ್ತಿರುವ ಸೂಕ್ಷ್ಮ ಕೋಶಗಳ ದ್ರವ. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಗಾತ್ರದ, ಪ್ಲಾಸ್ಟಿಕ್‌ನಂತಹ ಗೋಡೆಯುಳ್ಳ ಗುಳ್ಳೆಯೊಳಗೆ ಔಷಧಿ ಇರುತ್ತದೆ. ಔಷಧಿಯ ಎಣ್ಣೆಯನ್ನು ನೀರಿನಲ್ಲಿ ಹನಿಹನಿಯಾಗಿ ಒಡೆದು, ಎಣ್ಣೆಯಲ್ಲಿ ಒಂದು ರಾಸಾಯನಿಕವನ್ನೂ ನೀರಿನಲ್ಲಿ ಇನ್ನೊಂದನ್ನೂ ಇಟ್ಟರೆ, ಇವೆರಡೂ ಹನಿಯ ಮೇಲ್ಮೈಯಲ್ಲಿ ಸಂಧಿಸಿ ಗೋಡೆಯಾಗಿ ಗಟ್ಟಿಯಾಗುತ್ತವೆ. ಗೋಡೆ ದಪ್ಪವಾದಷ್ಟೂ ಬಿಡುಗಡೆ ನಿಧಾನ.

ನಮ್ಮಲ್ಲಿ ನೋಂದಣಿಯಾಗಿರುವ ಲ್ಯಾಂಬ್ಡಾ ಸೈಹಲೋಥ್ರಿನ್ ಶೇ. 5ರ ಇಸಿ ರೂಪದಲ್ಲಿಯೂ ಶೇ. 4.9ರ ಸಿಎಸ್ ರೂಪದಲ್ಲಿಯೂ ಇದೆ. ಅಂಕಿಯಲ್ಲಿ ವ್ಯತ್ಯಾಸ ಅತ್ಯಲ್ಪ. ಆದರೆ ಈ ಗುಂಪಿನ ಔಷಧಿ ಚರ್ಮಕ್ಕೆ ತಾಗಿದಾಗ ಆಗುವ ಉರಿ ಮತ್ತು ಜುಮುಗುಡುವಿಕೆ ಕೋಶರೂಪದಲ್ಲಿ ಕಡಿಮೆ. ದ್ರಾವಕದ ಘಾಟೂ ಕಡಿಮೆ. ಕಳೆನಾಶಕ ಪೆಂಡಿಮಿಥಾಲಿನ್ ಕೂಡ ಶೇ. 30ರ ಇಸಿ ಮತ್ತು ಶೇ. 38.7ರ ಸಿಎಸ್ ಎಂದು ಎರಡು ರೂಪಗಳಲ್ಲಿ ದೊರೆಯುತ್ತದೆ. ಇಲ್ಲಿ ಅಂಕಿ ಬೇರೆಯಾದ್ದರಿಂದ ಎಕರೆಗೆ ಹಾಕುವ ಅಳತೆಯೂ ಬೇರೆ. ಹಳೆಯ ಡಬ್ಬಿಯ ಅಳತೆಯನ್ನೇ ಹೊಸದಕ್ಕೂ ಬಳಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಸಿಎಸ್ ಔಷಧಿಯನ್ನು ಬಳಸುವ ಮೊದಲು ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಏಕೆಂದರೆ ಕೋಶಗಳು ತಳಕ್ಕೆ ಇಳಿದಿರುತ್ತವೆ. ಚೀಟಿಯಲ್ಲಿ ಅನುಮತಿ ಇಲ್ಲದಿದ್ದರೆ ಇಸಿ ಔಷಧಿಯೊಂದಿಗೆ ಬೆರೆಸಬಾರದು. ಅದರ ದ್ರಾವಕವು ಕೋಶದ ಗೋಡೆಯನ್ನು ಕೆಡಿಸಬಹುದು.

ಕೋಶರೂಪಕ್ಕೂ ತನ್ನದೇ ದೋಷಗಳಿವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಮೀಥೈಲ್ ಪ್ಯಾರಾಥಿಯಾನ್ ಅನ್ನು ಕೋಶದಲ್ಲಿಟ್ಟು ಮಾರಾಟಕ್ಕೆ ತಂದಾಗ ಸಿಂಪಡಿಸುವವರಿಗೆ ಅಪಾಯ ಕಡಿಮೆಯಾಯಿತು, ಜೇನುಹುಳುಗಳಿಗೆ ಹೆಚ್ಚಾಯಿತು. ಕೋಶಗಳು ಪರಾಗದ ಗಾತ್ರದವೇ ಆಗಿದ್ದರಿಂದ ಜೇನುಗಳು ಅವನ್ನು ಪರಾಗದೊಡನೆ ಗೂಡಿಗೆ ಒಯ್ದು ಸಂಗ್ರಹಿಸಿದವು. ಜೇನು ಪೆಟ್ಟಿಗೆಗಳಿರುವ ಮಲೆನಾಡಿನ ತೋಟಗಳಲ್ಲಿ ಬೆಳೆ ಹೂವಾಡುವ ಸಮಯದಲ್ಲಿ ಕೋಶರೂಪದ ಕೀಟನಾಶಕವನ್ನು ಬಳಸದಿರುವುದೇ ಲೇಸು. ಅಲ್ಲದೆ, ನಿಧಾನವಾಗಿ ಬಿಡುಗಡೆಯಾಗುವ ಔಷಧಿಯು ಹೆಚ್ಚು ದಿನ ಉಳಿಯುತ್ತದೆ. ಸೊಪ್ಪು ತರಕಾರಿಯಂತಹ, ಬೇಗ ಕೊಯ್ಯುವ ಬೆಳೆಗೆ ಅದು ಹೊಂದುವುದಿಲ್ಲ. ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳ ಸಂಖ್ಯೆ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಇಸಿ ಡಬ್ಬಿಯ ಸಂಖ್ಯೆಯನ್ನು ಸಿಎಸ್‌ಗೆ ಅನ್ವಯಿಸಬಾರದು.

ಮೆಕ್ಕೆಜೋಳದ ಸೈನಿಕ ಹುಳು ಮತ್ತು ಮೋಹಕ ಬಲೆ

ಈ ವಿಷಯದಲ್ಲಿ ಶಿವಮೊಗ್ಗಕ್ಕೆ ವಿಶೇಷ ಸ್ಥಾನವಿದೆ. ಅಮೆರಿಕ ಖಂಡಗಳ ಮೂಲದ, 2016ರಲ್ಲಿ ಆಫ್ರಿಕಾ ತಲುಪಿದ್ದ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲ ಬಾರಿಗೆ ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಇಲ್ಲಿಯ ನವಿಲೆಯ ಕೃಷಿ ಮಹಾವಿದ್ಯಾಲಯದ ಮೆಕ್ಕೆಜೋಳದ ತಾಕಿನಲ್ಲಿ. ಇಂದು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೆಂದು ಹೆಸರಾಗಿರುವ ಸಂಸ್ಥೆಯ ಕೀಟತಜ್ಞರಾದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಇದನ್ನು ವರದಿ ಮಾಡಿದರು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಗೆರೆಯೂ ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ.

ಈ ಹುಳು ಸುಳಿಯೊಳಗೆ ಸೇರಿ ತನ್ನ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಎಷ್ಟು ಸಿಂಪಡಿಸಿದರೂ ಅಲ್ಲಿಗೆ ತಲುಪುವುದು ಅಲ್ಪ. ಆಗ ರೈತರು ಸಿಂಪರಣೆಯ ಸಂಖ್ಯೆಯನ್ನೂ ಪ್ರಮಾಣವನ್ನೂ ಹೆಚ್ಚಿಸುತ್ತಾರೆ. ಬೆಳೆ ಎದೆಯ ಮಟ್ಟ ದಾಟಿದ ಮೇಲೆ ಪಂಪಿನ ಮಂಜು ಸಿಂಪಡಿಸುವವರ ಮುಖಕ್ಕೇ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ವಿಷಬಾಧೆಯಿಂದ ಮೃತಪಟ್ಟರು. ಆ ವರ್ಷ ಬೆಳೆ ಆಳೆತ್ತರ ಬೆಳೆದಿದ್ದುದೂ ಕಾರಣಗಳಲ್ಲೊಂದೆಂದು ಹೇಳಲಾಯಿತು. ಎತ್ತರದ ಮೆಕ್ಕೆಜೋಳದಲ್ಲಿ ಇಳಿದು ಸಿಂಪಡಿಸುವವರು ಇದನ್ನು ಮರೆಯಬಾರದು. ಕೂಲಿಗೆ ಬರುವವರು ಔಷಧಿಯ ಚೀಟಿಯನ್ನು ನೋಡಿಯೇ ಇರುವುದಿಲ್ಲ ಎಂಬುದನ್ನು ಹೊಲದ ಒಡೆಯರು ಇನ್ನೂ ಹೆಚ್ಚಾಗಿ ನೆನಪಿಡಬೇಕು.

ಸಿಂಪರಣೆಯ ಅಗತ್ಯ ನಿಜವಾಗಿಯೂ ಇದೆಯೇ ಎಂದು ತಿಳಿಯಲು ಎಕರೆಗೆ 5ರಂತೆ ಮೋಹಕ ಬಲೆಗಳನ್ನು ಕಟ್ಟಲು ಸಲಹೆ ನೀಡಲಾಗಿದೆ. ಬಲೆಯೊಳಗಿನ ಸಣ್ಣ ರಬ್ಬರ್ ಬಿರಡೆಯೂ ನಿಯಂತ್ರಿತ ಬಿಡುಗಡೆಯ ಸಾಧನವೇ ಆಗಿದೆ. ಹೆಣ್ಣು ಪತಂಗವು ಗಂಡನ್ನು ಕರೆಯಲು ಹೊರಸೂಸುವ ವಾಸನೆಯನ್ನೇ ಹೋಲುವ ವಸ್ತುವನ್ನು ರಬ್ಬರು ಹೀರಿಕೊಂಡಿರುತ್ತದೆ. ಆ ವಸ್ತು ತುಂಬ ಬೇಗ ಆವಿಯಾಗುವಂಥದು. ಬಟ್ಟೆಗೆ ಹನಿಸಿದರೆ ಬೇಗನೆ ಆರಿಹೋಗುತ್ತದೆ, ರಬ್ಬರಿನಿಂದ ವಾರಗಟ್ಟಲೆ ಹೊರಬರುತ್ತದೆ. ಇಲ್ಲಿ ಬಿಡುಗಡೆಯಾಗುವುದು ವಿಷವಲ್ಲ, ಸಂದೇಶ. ಬೆಳೆಯ ಮೇಲೆ ಯಾವ ಶೇಷವೂ ಉಳಿಯುವುದಿಲ್ಲ.

ಬಿರಡೆಯ ದೌರ್ಬಲ್ಯವೆಂದರೆ ಬಿಸಿಲಿನಲ್ಲಿ ಬೇಗ, ತಂಪಿನಲ್ಲಿ ನಿಧಾನವಾಗಿ ವಾಸನೆ ಬಿಡುವುದು. ಇದನ್ನು ಸರಿಪಡಿಸಲು ಬೆಂಗಳೂರಿನಲ್ಲಿ ಸಂಶೋಧನೆಗಳು ನಡೆದಿವೆ. ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಹಣ್ಣಿನ ನೊಣವನ್ನು ಸೆಳೆಯುವ ವಸ್ತುವನ್ನು ಜೆಲ್ ರೂಪಕ್ಕೆ ತಂದು ಸೀಬೆ ತೋಟದಲ್ಲಿ ಪ್ರಯೋಗಿಸಿದ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಅದೇ ಕೀಟ ಸಂಸ್ಥೆಯೊಂದಿಗೆ ಸೇರಿ, ಸೂಕ್ಷ್ಮ ರಂಧ್ರಗಳುಳ್ಳ ಸಿಲಿಕಾದಲ್ಲಿ ಮೋಹಕ ವಸ್ತುವನ್ನು ತುಂಬುವ ವಿಧಾನವನ್ನು ರೂಪಿಸಿದೆ.

ರೈತರ ಮಟ್ಟಿಗೆ ಸದ್ಯ ಮುಖ್ಯವಾದುದು ಇಷ್ಟು: ಬಿರಡೆಯನ್ನು ಬರಿಗೈಯಿಂದ ಮುಟ್ಟಬಾರದು, ಬಳಸುವವರೆಗೆ ಪೊಟ್ಟಣ ಒಡೆಯದೆ ತಂಪಾದ ಜಾಗದಲ್ಲಿಡಬೇಕು, ಪೊಟ್ಟಣದ ಮೇಲೆ ಹೇಳಿದ ಅವಧಿಗೆ ಬದಲಾಯಿಸಬೇಕು. ಬದಲಾಯಿಸದ ಬಲೆಯಲ್ಲಿ ಪತಂಗ ಬೀಳುವುದಿಲ್ಲ. ಪತಂಗ ಬೀಳದಿದ್ದುದರಿಂದ ಹುಳುವಿಲ್ಲವೆಂದು ರೈತರು ನಿಶ್ಚಿಂತರಾಗಿಬಿಡುತ್ತಾರೆ. ಬಲೆ ಕಟ್ಟದೆ ಇರುವುದಕ್ಕಿಂತ ಇದು ಹೆಚ್ಚು ಹಾನಿಕರ. ಬಲೆಯಲ್ಲಿ ಪತಂಗ ಕಂಡುಬಂದು, ಎಳೆಯ ಬೆಳೆಯಲ್ಲಿ ನೂರಕ್ಕೆ ಐದು ಗಿಡಗಳಿಗೆ ಹಾನಿಯಾಗಿದ್ದಲ್ಲಿ ಸಿಂಪರಣೆಯನ್ನು ಆಲೋಚಿಸಬಹುದು. ಸಲಹೆ ಮಾಡಲಾಗಿರುವ ಔಷಧಿಗಳಲ್ಲೊಂದಾದ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿಯ ಪ್ರಮಾಣ ಲೀಟರ್ ನೀರಿಗೆ 0.4 ಗ್ರಾಂ. ‘ಎಸ್‌ಜಿ’ ಎಂದರೆ ನೀರಿನಲ್ಲಿ ಕರಗುವ ಹರಳು. ನೋಡಲು ಹರಳಿನಂತಿದ್ದರೂ ಅದು ನಿಧಾನ ಬಿಡುಗಡೆಯದ್ದಲ್ಲ. ‘ಸಿಜಿ’ ಮತ್ತು ‘ಎಸ್‌ಜಿ’ಗಳನ್ನು ಒಂದೆಂದು ಭಾವಿಸಿ ಒಂದರ ಬದಲು ಇನ್ನೊಂದನ್ನು ಬಳಸಬಾರದು. ಸಿಂಪಡಿಸುವಾಗ ಪಂಪಿನ ಮೂತಿಯನ್ನು ಸುಳಿಯ ಕಡೆಗೇ ಹಿಡಿಯಬೇಕು.

ಅರ್ಜಿ ಸಲ್ಲಿಸುವುದು ಮತ್ತು ಖರೀದಿ

ಭತ್ತ, ಮೆಕ್ಕೆಜೋಳ ಮುಂತಾದ ಕೃಷಿ ಬೆಳೆಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಲ್ಲಿಸತಕ್ಕದ್ದು. ಅಡಿಕೆ, ತೆಂಗು, ಬಾಳೆ ಮತ್ತು ತರಕಾರಿಗಳಿಗೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬೇಕು. ಅಡಿಕೆಯ ಅರ್ಜಿಯನ್ನು ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಸರತಿಯಲ್ಲಿ ನಿಂತು ಅರ್ಧ ದಿನ ಕಳೆದುಕೊಳ್ಳುವವರು ಇಂದಿಗೂ ಇದ್ದಾರೆ. ಫ್ರೂಟ್ಸ್ ಗುರುತಿನ ಸಂಖ್ಯೆ ಕಡ್ಡಾಯ. ಅದನ್ನು ಪಡೆಯದವರು ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯೊಂದಿಗೆ ಮೊದಲು ನೋಂದಾಯಿಸಿಕೊಳ್ಳಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದ ಅರ್ಜಿದಾರರು ಜಾತಿ ಪ್ರಮಾಣ ಪತ್ರವನ್ನು ಲಗತ್ತಿಸಬೇಕು. ಯಾವ ಔಷಧಿ ರಿಯಾಯಿತಿಯಲ್ಲಿ ದೊರೆಯುತ್ತದೆ, ಎಷ್ಟು ದೊರೆಯುತ್ತದೆ ಎಂಬುದು ಹಂಗಾಮಿನಿಂದ ಹಂಗಾಮಿಗೆ ಬದಲಾಗುವುದರಿಂದ ಬಿತ್ತನೆಗೆ ಮುಂಚೆಯೇ ವಿಚಾರಿಸುವುದು ಒಳ್ಳೆಯದು.

ಅರ್ಜಿಯಲ್ಲಿ ಬೆಳೆ, ಪೀಡೆ ಮತ್ತು ವಿಸ್ತೀರ್ಣವನ್ನು ಸ್ಪಷ್ಟವಾಗಿ ಬರೆಯಬೇಕು. ಔಷಧಿಯ ಹೆಸರು ಬರೆಯುವುದಾದರೆ ಅಂಕಿ ಮತ್ತು ಅಕ್ಷರಗಳನ್ನೂ ಬರೆಯಬೇಕು. ಅವು ಗೊತ್ತಿಲ್ಲದಿದ್ದಲ್ಲಿ ಹೆಸರನ್ನು ಬಿಟ್ಟು, ಹಾನಿಗೊಳಗಾದ ಎಲೆ ಅಥವಾ ಹುಳುವನ್ನು ಪೊಟ್ಟಣದಲ್ಲಿ ತಂದು ಅಧಿಕಾರಿಗಳಿಗೆ ತೋರಿಸಿದರೆ ಸಾಕು. ಊಹೆಯಿಂದ ಬರೆದ ಹೆಸರಿಗಿಂತ ಅದು ಎಷ್ಟೋ ಉಪಯುಕ್ತ.

ಖಾಸಗಿ ಅಂಗಡಿಯಲ್ಲಿ ಕೊಳ್ಳುವವರು ಪರವಾನಗಿ ಇರುವ ಮಾರಾಟಗಾರರಿಂದಲೇ ಕೊಂಡು, ರಸೀದಿ ಪಡೆಯಬೇಕು. ರಸೀದಿಯಲ್ಲಿ ಔಷಧಿಯ ಪೂರ್ಣ ಹೆಸರು, ತಂಡದ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಔಷಧಿಯಿಂದ ಬೆಳೆ ಸುಟ್ಟರೆ ಅಥವಾ ಕೆಲಸ ಮಾಡದಿದ್ದರೆ ದೂರಿಗೆ ಆಧಾರವಾಗುವುದು ಈ ಚೀಟಿಯೊಂದೇ. ರಸೀದಿ ಕೇಳಿದರೆ ಬೆಲೆ ಹೆಚ್ಚಾಗುತ್ತದೆ ಎಂದು ಅಂಗಡಿಯವರು ಹೇಳಿದಲ್ಲಿ ಅಲ್ಲಿ ಕೊಳ್ಳದಿರುವುದೇ ಉತ್ತಮ.

ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕದ ಕೆಳಭಾಗದ ತ್ರಿಕೋನದ ಬಣ್ಣವನ್ನು ನೋಡಬೇಕು. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಎಂದರೆ ಅತ್ಯಂತ ತೀವ್ರ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನಿರುಪದ್ರವಿ ಎಂದಲ್ಲ. ನಿಧಾನ ಬಿಡುಗಡೆಯ ಔಷಧಿಗೂ ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಕಡ್ಡಾಯ.

ವಿಷಬಾಧೆ ಸಂಭವಿಸಿದಲ್ಲಿ

ತಲೆಸುತ್ತು, ವಾಂತಿ, ಅತಿಯಾದ ಬೆವರು ಮತ್ತು ಜೊಲ್ಲು, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಕಂಡುಬಂದಲ್ಲಿ ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಬದಲಾಯಿಸಿ, ಮೈಯನ್ನು ಸೋಪಿನಿಂದ ತೊಳೆದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹುಣಸೆ ನೀರು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಯತ್ನಿಸಬಾರದು. ಔಷಧಿಯ ಡಬ್ಬಿ ಅಥವಾ ಚೀಟಿಯನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಔಷಧಿಯ ಗುಂಪು ಬೇರೆಯಾದರೆ ಚಿಕಿತ್ಸೆಯೂ ಬೇರೆಯಾಗುತ್ತದೆ. ‘ಬಿಳಿ ಡಬ್ಬಿಯ ಔಷಧಿ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ನುಂಗಿದ್ದು ಹರಳು ಅಥವಾ ಕೋಶರೂಪದ್ದಾಗಿದ್ದರೆ ಲಕ್ಷಣಗಳು ತಡವಾಗಿ ಕಾಣಿಸಬಹುದು. ಆದ್ದರಿಂದ ರೋಗಿ ಚೆನ್ನಾಗಿದ್ದಾರೆಂದು ಕಂಡರೂ ವೈದ್ಯರ ಅನುಮತಿಯಿಲ್ಲದೆ ಮನೆಗೆ ಕರೆತರಬಾರದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ, ಭದ್ರಾವತಿಯಲ್ಲಿ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ವೈದ್ಯರಿಗೂ ಸಾರ್ವಜನಿಕರಿಗೂ ದಿನದ 24 ಗಂಟೆ ಸಲಹೆ ನೀಡುವ ದೆಹಲಿಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ದೂರವಾಣಿ ಸಂಖ್ಯೆ 1800 116 117.

ಬೆಳೆಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಕಿಸಾನ್ ಕಾಲ್ ಸೆಂಟರ್ 1800 180 1551 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಕರೆ ಮಾಡುವಾಗ ಔಷಧಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದಿರಬೇಕಾಗಿ ಕೋರಲಾಗಿದೆ. ಅಲ್ಲಿಯೂ ಮೊದಲು ಕೇಳುವುದು ಆ ಅಂಕಿಯನ್ನೂ ಎರಡು ಅಕ್ಷರಗಳನ್ನೂ.